ಕೆಂಬಾಳೆಯ ಪರೀಕ್ಷೆ

"ಸಾಹೇಬ್ರ, ಮೆತ್ತಂದು ಹಾಕ್ಲಾ, ಗಟ್ಟಿದು ಹಾಕ್ಲಾ? ಜಲ್ದಿ ಹೇಳ್ರಿ," ಎಂದು ಮೆಕ್ಯಾನಿಕ್ ಗುಫ್ರಾನ್ ಮತ್ತೊಮ್ಮೆ ಕೇಳಿದ. ಅವನ ಒಂದೊಂದು ಕೈಯಲ್ಲಿ, ಸ್ಪ್ರಿಂಗಿನ ಕುಣಿತ ತಡೆಯುವ ಒಂದೊಂದು ಶಾಕಪ್. ಜಾಕ್ ಮೇಲೆ ನಿಂತ ಹಳದಿ ಸ್ಪೋರ್ಟ್ಸ್ ಕಾರಿನ ಮುಂದೆ ಅಜಿತ ಹೆಣ್ಣು ನೋಡಲು ಬಂದ ವರನಂತೆ ಬೆವರುತ್ತಿದ್ದ.

ಬೆವರದೆ ಏನು ಮಾಡಿಯಾನು? ಹೈದರಾಬಾದಿನಿಂದ ಆಸೆಪಟ್ಟು ತಂದ ಹಳೆಯ ಕಾರು. ಇನ್ನಷ್ಟು ಚಂದ ಕಾಣಲೆಂದು ಹೋದ ತಿಂಗಳು ಗಿಡ್ಡ ಸ್ಪ್ರಿಂಗ್ ಹಾಕಿಸಿ ಅದನ್ನು ನೆಲದ ಹತ್ತಿರಕ್ಕೆ ಇಳಿಸಿದ್ದ. ಶಾಕಪ್ ಮಾತ್ರ ಹಳೆಯವೇ ಉಳಿದಿದ್ದವು. ಅದರಲ್ಲಿ ಹೆಂಡತಿ ಪಂಚಶೀಲಾಳನ್ನು ಅವಳ ತವರು ಕಮಲಾಪುರಕ್ಕೆ ಕರೆದುಕೊಂಡು ಹೋಗಿ ಬರುವಷ್ಟರಲ್ಲಿ, ಸ್ಪೀಡ್ ಬ್ರೇಕರ್ ಬಂದಾಗಲೆಲ್ಲ ಕಾರು ಕುಣಿದು ಕುಣಿದು ಅವಳ ಸೊಂಟ ಹಿಡಿದಿತ್ತು. ಡಿಕ್ಕಿಯಲ್ಲಿದ್ದ ಕೆಂಬಾಳೆ ಹಣ್ಣು ಮುದ್ದೆಯಾಗಿತ್ತು. ಅಂದೇ ಅವಳು ತೀರ್ಪು ಕೊಟ್ಟಳು: "ಇನ್ನೊಂದ್ ಸಲ ನೋಡ್ತೀನ್ರಿ. ಅವ್ವ ಕೊಟ್ಟ ಬಾಳಿಹಣ್ಣು ನೆಟ್ಟಗ ಮನಿಗಿ ಬಂದ್ರ ಕಾರ್ ಇರ್ಲಿ. ಇಲ್ಲಂದ್ರ ಮಾರಿಬಿಡ್ರಿ."

ಹೆಂಡತಿಯ ಸೊಂಟ ನೆನೆದರೆ ಮೆತ್ತನೆಯದೇ ಸರಿ ಅನಿಸುತ್ತಿತ್ತು. ಆದರೆ ಗಿಡ್ಡ ಸ್ಪ್ರಿಂಗ್ ಬಲು ಬಿಗಿ. ಒತ್ತಿದಷ್ಟೇ ಜೋರಾಗಿ ಒದ್ದು ಮೇಲೇಳುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ಮೆತ್ತನೆಯದಕ್ಕೆ ಎಲ್ಲಿಂದ ಬರಬೇಕು? ಅವಳ ಸೊಂಟ ಹಿಡಿದದ್ದೂ ಆ ಕುಣಿತಕ್ಕೇ ಅಲ್ಲವೇ?

"ಗಟ್ಟಿದ ಹಾಕ್ರಿ ಭಾಯ್," ಎಂದುಬಿಟ್ಟ.

"ಭಾಭಿ ಏನಂತಾರೋ."

"ಅದು ರವಿವಾರ ಗೊತ್ತಾಗ್ತದ."

ರವಿವಾರ ಕಮಲಾಪುರದಲ್ಲಿ ಊಟ ಮುಗಿದ ಮೇಲೆ ಅತ್ತೆ ಬಂಡೆಮ್ಮ ಹಣ್ಣು ಕೊಡಲು ಎದ್ದರು. "ನೀ ಕೂಡವ್ವಾ, ನಾ ಆರಿಸ್ತೀನಿ," ಎಂದು ಪಂಚಶೀಲಾ ತಾನೇ ಒಳಗೆ ಹೋಗಿ, ಕೆಂಪಗೆ ಹೊಳೆಯುವ ಒಂದು ಚಿಪ್ಪು ತಂದು ಡಿಕ್ಕಿಯಲ್ಲಿ ಹಾಗೇ ಇಟ್ಟಳು. ಕೆಳಗೊಂದು ಚೀಲವನ್ನಾದರೂ ಹಾಸು ಎನ್ನುವ ಧೈರ್ಯ ಅಜಿತನಿಗೆ ಬರಲಿಲ್ಲ. ದಾರಿಯುದ್ದಕ್ಕೂ ಅವನ ಜೀವ ಡಿಕ್ಕಿಯಲ್ಲೇ ಇತ್ತು. ಕಾರು ಸ್ಪೀಡ್ ಬ್ರೇಕರ್ ಏರಿ ಇಳಿದು ಸುಮ್ಮನಾಗುತ್ತಿತ್ತು ನಿಜ, ಪಂಚಶೀಲಾಳೂ ಸೊಂಟಕ್ಕೆ ಕೈ ಒಯ್ಯಲಿಲ್ಲ. ಆದರೆ ಕಿಟಕಿಯಾಚೆ ನೋಡುತ್ತ ಕೂತವಳ ಮುಖದಿಂದ ಏನೂ ತಿಳಿಯುವಂತಿರಲಿಲ್ಲ.

ಜೇವರ್ಗಿ ಕಾಲೋನಿಯ ತಮ್ಮ ಮನೆ ಮುಟ್ಟಿದ್ದೇ ಡಿಕ್ಕಿ ತೆಗೆದ. ಒಂದು ಹಣ್ಣೂ ಜಜ್ಜಿರಲಿಲ್ಲ, ಒಂದು ಕಲೆಯೂ ಇರಲಿಲ್ಲ.

"ಆತು ಬಿಡ್ರಿ, ಪಾಸಾದ್ರಿ," ಎಂದು ಪಂಚಶೀಲಾ ಚಹಾಕ್ಕೆ ಇಡಲು ಒಳಗೆ ಹೋದಳು.

ಗೆದ್ದ ಹುರುಪಿನಲ್ಲಿ ಅಜಿತ ಪಡಸಾಲೆಯಲ್ಲಿ ಕೂತು ಒಂದು ಹಣ್ಣು ಸುಲಿಯಹೋದ. ಸಿಪ್ಪೆ ಬರಲಿಲ್ಲ. ಉಗುರು ಹಾಕಿದರೆ ಅಂಟು ಹತ್ತಿತು. ಹೇಗೋ ಕಿತ್ತು ಕಚ್ಚಿದ, ನಾಲಿಗೆಯೆಲ್ಲ ಒಗರು. ಕೆಂಬಾಳೆ ಕಾಯಿದ್ದಾಗಲೂ ಕೆಂಪಗೇ ಇರುತ್ತದೆಂಬುದು, ಶಹರದಲ್ಲಿ ಹುಟ್ಟಿ ತಾಟಿಗೆ ಬಂದ ಹಣ್ಣನ್ನಷ್ಟೇ ಬಲ್ಲ ಅವನಿಗೆ ಆಗ ತಿಳಿಯಿತು. ಈ ಕಾಯಿಗಳನ್ನು ಮಾಳಿಗೆಯಿಂದ ಎಸೆದಿದ್ದರೂ ಜಜ್ಜುತ್ತಿರಲಿಲ್ಲ. ಬಾಳೆತೋಟದಲ್ಲೇ ಆಡಿ ಬೆಳೆದವಳಿಗೆ ಕಾಯಿ ಯಾವುದು, ಹಣ್ಣು ಯಾವುದು ಗೊತ್ತಾಗದೆ ಇದ್ದೀತೇ? ಕಾರು ಕಮಲಾಪುರ ಬಿಡುವ ಮೊದಲೇ ಅವಳು ಅವನನ್ನು ಪಾಸು ಮಾಡಿಟ್ಟಿದ್ದಳು. ಇಂಥವಳು ತನ್ನ ಪಾಲಿಗೆ ಬಂದಳಲ್ಲ ಎಂದು ಅಜಿತನ ಎದೆ ತುಂಬಿ ಬಂತು.

"ಹಣ್ಣು ಹೆಂಗದಾವ್ರಿ?" ಅಡಿಗೆಮನೆಯಿಂದ ಅವಳ ದನಿ.

ಬಾಯಲ್ಲಿದ್ದ ಒಗರನ್ನು ಅವನು ನಿಧಾನವಾಗಿ ಅಗಿದು ನುಂಗಿದ.

"ಭಾಳ ಸಿಹಿ ಅದಾವ," ಎಂದ. ಎಂದು ಇನ್ನೊಮ್ಮೆ ಕಚ್ಚಿದ.