ಟ್ಯಾಂಕಿನ ಮುಹೂರ್ತ

ಅಣವೀರಪ್ಪ ಕಾಯಿ ಒಡೆದ. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ನಿರ್ದೇಶಕ ತಿಲಕ್ ಕೈಸನ್ನೆ ಮಾಡಿದೊಡನೆ ಇಬ್ಬರು ಬಂದು ಪ್ಲೈವುಡ್ಡಿನ ಟ್ಯಾಂಕಿನ ಒಂದು ಮಗ್ಗುಲನ್ನೇ ಕಳಚಿ ಪಕ್ಕಕ್ಕಿಟ್ಟರು. ಒಳಗೆ ಮೂವರು ಸೈನಿಕರು ಸುಟ್ಟು ಕರಕಾಗಿ ಕುಳಿತಿದ್ದರು.

ಒಬ್ಬನಿಗೆ ತುಟಿಗಳೇ ಇರಲಿಲ್ಲ, ಹಲ್ಲು ಮಾತ್ರ ಬೆಳ್ಳಗೆ ಉಳಿದಿದ್ದವು. ಇನ್ನೊಬ್ಬ ಕಣ್ಣು ಮುಚ್ಚಿದ್ದ. ಅವನ ಟೊಪ್ಪಿಗೆ ಕರಗಿ ಕಿವಿಯ ಮೇಲೆ ಇಳಿದಿತ್ತು. ಮೂರನೆಯವನ ಕೈ ತಲೆಯ ಮೇಲಿನ ಮುಚ್ಚಳವನ್ನು ನೂಕುತ್ತಿದ್ದ ಹಾಗೆಯೇ ನಿಂತುಬಿಟ್ಟಿತ್ತು. ಅಣವೀರಪ್ಪನ ಕೈಯೊಳಗಿನ ಹೋಳು ಜಾರಿ ಬಿತ್ತು.

“ಹೆಂಗ ಐತಿ ಅಂಕಲ್?” ಎಂದು ತಿಲಕ್ ಕೇಳಿದ. ಮನೆತನ ಧಾರವಾಡದ್ದು, ಹುಟ್ಟಿ ಬೆಳೆದದ್ದು ಬೊರಿವಲಿ. ಅವನ ಕನ್ನಡ ತಾಯಿಯ ಬಾಯಿಂದ ಅರೆಬರೆ ಬಂದದ್ದು. “ಬಾಕಿ ಪಿಕ್ಚರ್‌ನ್ಯಾಗ ಸೋಲ್ಜರ್ ಎದಿ ಹಿಡ್ಕೊಂಡು, ದೊಡ್ಡ ಡೈಲಾಗ್ ಹೊಡದು ಸಾಯ್ತಾನ. ಸಬ್ ಝೂಟ್! ನಂದು ಏಕ್‌ದಮ್ ರಿಯಲ್. ನೋಡಿದವರ ಹೊಟ್ಟಿ ತೊಳಸಬೇಕು.”

“ಆ ಕೈ ಯಾಕ ಹಂಗೈತಿ?”

“ಮುಚ್ಚಳ ತೆಗೀಲಿಕ್ಕೆ ಟ್ರೈ ಮಾಡ್ತಾನ. ಸ್ವಲ್ಪ ಟೈಮ್ ಸಿಗ್ತದಲ್ಲ, ಅಂಕಲ್.”

ಅಣವೀರಪ್ಪನ ಮಗ ಶ್ರೀಶೈಲ ಟ್ಯಾಂಕಿನ ಪಡೆಯಲ್ಲಿದ್ದ. ಮಗ ಟ್ಯಾಂಕಿನ ಮೇಲಿದ್ದಾನೆ ಎಂದರೆ ಭಾಂಡುಪ್‌ನ ಅವರ ಚಾಳಿನ ನೆರೆಹೊರೆಯವರು, “ಹಂಗಾದ್ರ ನಮಗೂ ಸ್ವಲ್ಪ ನೀರು ಬಿಡಸ್ರಿ” ಎಂದು ಚೇಷ್ಟೆ ಮಾಡುತ್ತಿದ್ದರು. ಮರುಭೂಮಿಯ ತಾಲೀಮಿನಲ್ಲಿ ಟ್ಯಾಂಕಿಗೆ ಬೆಂಕಿ ಹತ್ತಿ ಅವನು ತೀರಿಕೊಂಡ. ಪೆಟ್ಟಿಗೆಯ ಜೊತೆ ಬಂದಿದ್ದ ಅಧಿಕಾರಿ, “ಒಂದೇ ಕ್ಷಣ. ಅವನಿಗೆ ಗೊತ್ತೇ ಆಗಲಿಲ್ಲ” ಎಂದಿದ್ದರು. ಆ ಒಂದು ಮಾತನ್ನು ತಲೆದಿಂಬಿನ ಹಾಗೆ ಇಟ್ಟುಕೊಂಡು ಇಷ್ಟು ವರ್ಷ ಅಣವೀರಪ್ಪ ನಿದ್ದೆ ಮಾಡಿದ್ದ. ಸತ್ತ ಜವಾನನ ತಂದೆಯ ಕೈಯಿಂದಲೇ ಮುಹೂರ್ತವಾಗಬೇಕೆಂದು ತಿಲಕ್ ಕಾರು ಕಳಿಸಿ ಗಂಡಹೆಂಡಿರನ್ನು ಗೋರೆಗಾಂವ್‌ನ ಸ್ಟುಡಿಯೋಗೆ ಕರೆಸಿದ್ದ. ಒಳಗೆ ಏನಿದೆ ಎಂದು ಯಾರೂ ಹೇಳಿರಲಿಲ್ಲ.

ಹಿಂದೆ ಕುರ್ಚಿ ಸರಿದ ಸಪ್ಪಳವಾಯಿತು. ಅಣವೀರಪ್ಪ ಗಕ್ಕನೆ ತಿರುಗಿ ಎರಡೂ ಕೈ ಅಗಲಿಸಿ ಹೆಂಡತಿಗೆ ಅಡ್ಡ ನಿಂತ.

“ಹಾಲವ್ವಾ, ಅಲ್ಲೇ ಇರು. ನೋಡೋವಂಥಾದ್ದಲ್ಲ ಅದು.”

“ಅಂವನ ಪೆಟ್ಟಿಗಿ ಬಂದಾಗೂ ಹಿಂಗ ಅಂದ್ರಿ. ಸರೀರಿ.”

ಅವನು ಸರಿದ. ಅವರ ಮನೆತನದಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂಡಿಸಿ, ಹಣೆಗೆ ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಬಂಧುಬಳಗವೆಲ್ಲ ಕಣ್ತುಂಬ ನೋಡಿದ ಮೇಲೆ ಕೂತ ಹಾಗೆಯೇ ಸಮಾಧಿ ಮಾಡುವ ಪದ್ಧತಿ. ಅಂದು ಅಯ್ಯನವರು ಬಂದು ಕಾದಿದ್ದರು. ಪೆಟ್ಟಿಗೆ ತೆರೆಯುವ ಸ್ಥಿತಿಯಲ್ಲಿಲ್ಲ ಎಂದು ಸೈನಿಕರು ಕೈಮುಗಿದರು. ಉದ್ದನೆಯ ಕುಣಿ ತೋಡಿ ಪೆಟ್ಟಿಗೆಯನ್ನು ಉದ್ದಕ್ಕೆ ಇಳಿಸಿದರು. ಅಂದಿನಿಂದ ಹಾಲವ್ವನದು ಒಂದೇ ಮಾತು: “ನನ್ನ ಮಗನ್ನ ಕೂಡಸಲಿಲ್ಲ ನೀವು. ಕಟ್ಟಿಗಿ ಮಲಗಿಸಿದಂಗ ಮಲಗಿಸಿ ಬಂದ್ರಿ.”

ಈಗ ಅವಳು ಚೀರುತ್ತಾಳೆಂದು ಅಣವೀರಪ್ಪ ಕಾದ. ಅವಳು ಚೀರಲಿಲ್ಲ. ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು.

“ಏನಪ್ಪಾ, ಇವ್ರು ಕುಂತಾರಲ್ಲ?”

“ಹಾಂ ಆಂಟಿ. ಟ್ಯಾಂಕ್ ಒಳಗ ಮಲಗಲಿಕ್ಕೆ ಜಾಗಾನೇ ಇಲ್ಲ. ಯಾರು ಎಲ್ಲಿ ಕುಂತಿರ್ತಾರ, ಅಲ್ಲೇ.”

“ಖರೇನ ಹಂಗಿರ್ತದ? ಇಲ್ಲಾ ಸಿನಿಮಾಕ್ಕಂತ ಮಾಡೀರಿ?”

“ಖರೇ ಆಂಟಿ. ನಾನು ಎಷ್ಟು ಫೋಟೋ ನೋಡೀನಿ!”

ಹಾಲವ್ವ ಗಂಡನ ಕಡೆಗೊಮ್ಮೆ ನೋಡಿದಳು. ಮುಚ್ಚಳ ನೂಕುವ ಆ ಕೈ ಅವಳಿಗೆ ಕಂಡಿತ್ತೋ ಇಲ್ಲವೋ, ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು ಒಳಗೆ ಹೊಕ್ಕಳು. ಕಣ್ಣು ಮುಚ್ಚಿದವನ ಮುಂದೆ ಮಂಡಿಯೂರಿ, ಇಳಿಬಿದ್ದಿದ್ದ ಅವನ ಎಡಗೈ ಎತ್ತಿ, ಅಂಗೈಯನ್ನು ಮೇಲ್ಮುಖ ಮಾಡಿ ತೊಡೆಯ ಮೇಲಿಟ್ಟಳು. ಸೆರಗಿನ ಗಂಟು ಬಿಚ್ಚಿ ವಿಭೂತಿ ತೆಗೆದು ಮೂರು ಬೆರಳಿನಿಂದ ಆ ಕರಿಹಣೆಗೆ ಎಳೆದಳು.

ಅವಳ ಬೆರಳು ತಟ್ಟನೆ ನಿಂತಿತು. ಹಣೆ ಬೆಚ್ಚಗಿತ್ತು. ಸುಟ್ಟ ಮುಖದಲ್ಲಿ ಎರಡು ಕಣ್ಣು ತೆರೆದವು.

“ಶಿವಶಿವಾ!” ಎಂದು ಅಣವೀರಪ್ಪ ಕೂಗಿಕೊಂಡ.

“ಆಯಿ, ಘಾಬರೂ ನಕಾ! ಮೀ ಜಿವಂತ ಆಹೆ!” ಗಾಬರಿಯಾಗಬೇಡ, ತಾನು ಬದುಕಿದ್ದೇನೆ ಎಂದಿತು ಮುಖ, ಮರಾಠಿಯಲ್ಲಿ.

ತಿಲಕ್ ಓಡಿಬಂದ. “ಅಯ್ಯೋ ಆಂಟಿ, ಅಂವ ಗೊಂಬಿ ಅಲ್ಲ! ಆ ಎರಡು ಗೊಂಬಿ, ಇಂವ ಸಂತು, ಆರ್ಟಿಸ್ಟ್. ಗೊಂಬಿ ಕುತ್ತಿಗಿ ರಿಯಲ್ ಕಾಣಲಿಲ್ಲ, ಅದಕ್ಕ... ಏ ಸಂತು, ಉಠ್! ಬಾಹರ್ ಆ!”

ಸಂತು ತಪ್ಪು ಮಾಡಿದವನಂತೆ ತಲೆ ತಗ್ಗಿಸಿ ಏಳಹೋದ. ಹಾಲವ್ವನ ಎರಡೂ ಕೈ ಅವನ ಹೆಗಲನ್ನು ಒತ್ತಿ ಹಿಡಿದವು.

“ಏಳಬ್ಯಾಡೋ ಯಪ್ಪಾ,” ಎಂದಳು. “ಇನ್ನೊಂದೀಟು ಕುಂತಿರು. ನನ್ನ ಮಗ ಕುಂತದ್ದು ನಾ ನೋಡಿಲ್ಲ.”