ನೆಟ್ಟಗಿನ ಗೆರೆ

"ಇಲ್ಲಿ ಗೊತ್ತಾಗುತ್ತೇನ್ರೀ?"

ಏಣಿಯಿಂದ ಬಿದ್ದು ಕಾಲುಗಳ ಸ್ವಾಧೀನ ಕಳೆದುಕೊಂಡ ಗಂಡ ಬೋರಲಾಗಿ ಮಲಗಿದ್ದ. ಅವನ ಬೆನ್ನುಮೂಳೆಯ ಪಕ್ಕದ ಉದ್ದ ಸ್ನಾಯುವಿನ ಮೇಲೆ ಅವಳು ಸ್ಕೆಚ್ ಪೆನ್ನನ್ನು ಮೆಲ್ಲಗೆ ಕೆಳಗೆಳೆದಳು. ಫಿಸಿಯೋಥೆರಪಿ ಓದುವಾಗ ಈ ಬೆನ್ನೇ ಅವಳ ಕರಿಹಲಗೆ. ಟ್ರೆಪೀಝಿಯಸ್, ಲ್ಯಾಟಿಸಿಮಸ್ ಎಂದು ಸ್ನಾಯುಗಳ ಹೆಸರು ಒಪ್ಪಿಸುತ್ತಾ ಒಂದೊಂದನ್ನೇ ಬಿಡಿಸುತ್ತಿದ್ದಳು. ಪೆನ್ನು ಸೊಂಟದ ಹತ್ತಿರ ಬಂದರೆ ಸಾಕು, ಅವನು ಕಚಗುಳಿ ತಾಳಲಾರದೆ ಬಿದ್ದು ಬಿದ್ದು ನಗುತ್ತಿದ್ದ; ಗೆರೆ ಸೊಟ್ಟಗಾಗುತ್ತಿತ್ತು.

ಇವತ್ತು ಗೆರೆ ಸೊಂಟದವರೆಗೂ ನೆಟ್ಟಗೆ ಇಳಿಯಿತು.

"ಇಲ್ಲಿ? ದಮ್ಮಯ್ಯ, ಹೇಳ್ರೀ." ಆ ಗೋಗರೆತ ತಡೆಯಲಾರದೆ ಅವನು ದಿಂಬಿಗೆ ಮುಖ ಒತ್ತಿ ನಕ್ಕ. "ಸಾಕು ಬಿಡೇ, ಕಚಗುಳಿ ಆಗ್ತಿದೆ!"

ಪೆನ್ನು ಆಗಲೇ ಅವಳ ಮಡಿಲಿಗೆ ಬಿದ್ದಿತ್ತು. ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದಳು.