ತಳದ ಮೂಲೆಯ ಫೋಟೋ

ವಿಲ್ಮಾಳ ಹೆಬ್ಬೆರಳು ಮೊಬೈಲಿನ ಮೇಲೆ ಮುಖಗಳನ್ನು ಸರಿಸುತ್ತಲೇ ಇತ್ತು. ಕಾಲೇಜಿನ ಹಳೆಯ ವಿದ್ಯಾರ್ಥಿಗಳಿಗಾಗಿ ವೆಬ್‌ಸೈಟ್ ಮಾಡುತ್ತಿದ್ದ ಹುಡುಗಿ ಬೊಗ್ಲಾರ್ಕಾ, "ಅಜ್ಜಿ, ನಾನೇನೂ ಹೇಳಿಕೊಡಲ್ಲ. ನಿಮಗೆ ಬೇಕಾದ ಮುಖ ನೀವೇ ಹುಡುಕಿ" ಎನ್ನುತ್ತ, ಅದು ಬಳಸಲು ಸಲೀಸೋ ಎಂದು ನೋಡಲು ಫೋನು ಕೊಟ್ಟು ಕೂತಿದ್ದಳು.

ಎದುರಿಗೆ ಗಸಗಸೆ ಹೂರಣದ ರೋಲು ತಿನ್ನುತ್ತಿದ್ದ ವಿಲ್ಮಾಳ ಸಹಪಾಠಿ ಕಾಲ್ಮಾನನಿಗೆ ಸಮಾಧಾನವಿರಲಿಲ್ಲ. ಅವರ ಓದು ಮುಗಿದ ವರ್ಷ, ತರಗತಿಯವರೆಲ್ಲರ ಫೋಟೋ ಅಂಟಿಸಿದ ದೊಡ್ಡ ಹಲಗೆಯನ್ನು, ಎಲ್ಲ ತಂಡಗಳಿಗೂ ಮಾಡುವಂತೆ, ಅವರೀಗ ಕೂತಿದ್ದ, ಡ್ಯಾನ್ಯೂಬ್ ದಂಡೆಯ ಇದೇ ಬೇಕರಿಯ ಗಾಜಿನ ಹಿಂದೆ ಬೇಸಿಗೆಯಿಡೀ ಇಟ್ಟಿದ್ದರು. ಮನೆತನದ ಹೆಸರು ಅಕ್ಷರಮಾಲೆಯ ಕೊನೆಗೆ ಬರುತ್ತಿದ್ದುದರಿಂದ ಕಾಲ್ಮಾನ್ ತಳದ ಮೂಲೆಗೆ ಬಿದ್ದಿದ್ದ. ಸಾಲದ್ದಕ್ಕೆ ಮುಂದೊಂದು ಹೂಕುಂಡ.

"ಆಗ ಕುಂಡದ ಹಿಂದೆ, ಈಗ ಬಾವಿಯ ತಳದಲ್ಲಿ" ಎಂದು ಅವನು ಬೊಗ್ಲಾರ್ಕಾಳ ಮೇಲೆ ಗೊಣಗಿದ. "ಹೀಗೆ ಒಂದರ ಕೆಳಗೊಂದು ಇಟ್ಟರೆ ನನ್ನ ತನಕ ಯಾರಮ್ಮ ಇಳೀತಾರೆ?"

ವಿಲ್ಮಾಳ ಹೆಬ್ಬೆರಳು ಮೇಷ್ಟ್ರುಗಳನ್ನು ದಾಟಿತು, ತರಗತಿಯ ಚೆಲುವರನ್ನು ದಾಟಿತು, ತನ್ನದೇ ಮುಖ ಬಂದಾಗಲೂ ನಿಲ್ಲಲಿಲ್ಲ. ಇನ್ನು ಇಳಿಯಲು ಜಾಗವಿಲ್ಲ ಎಂಬಲ್ಲಿ ನಿಂತಿತು. ಪರದೆಯ ತುಂಬ ಎಳೆಯ ಕಾಲ್ಮಾನ್, ಸೊಟ್ಟ ಟೈ ಕಟ್ಟಿಕೊಂಡು.

"ಸಲೀಸಾಗಿದೆ ಕಣೇ" ಎಂದಳು ವಿಲ್ಮಾ, ಬೊಗ್ಲಾರ್ಕಾಳಿಗೆ. "ಆ ಬೇಸಿಗೆ ಪೂರ್ತಿ ಈ ಮುಖ ನೋಡೋಕೆ ನಾನು ಆ ಗಾಜಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಿಚ್ಚದೇ ಇದ್ದ ಷೂ ಲೇಸನ್ನ ಕಟ್ಟಬೇಕಾಗಿತ್ತು."